ಚಿಕ್ಕಪ್ಪನ ಸೈಕಲ್ಲಿಗೆ ಬಿಡಿಭಾಗ ಹುಡುಕಿದ ಕಥೆ

ಆಗುಂಬೆ ಘಾಟಿಯ ಐದನೇ ತಿರುವೋ ಆರನೇ ತಿರುವೋ ಇರಬೇಕು. ಸಣ್ಣಗೆ ಮಳೆ. ಎರಡೂ ಬ್ರೇಕ್ ಬಿಗಿಯಾಗಿ ಒತ್ತಿ ಹಿಡಿದಿದ್ದೆ. ಸೈಕಲ್ಲು ನಿಲ್ಲಲಿಲ್ಲ. ನಿಲ್ಲುವುದಿರಲಿ, ಬ್ರೇಕ್ ಒತ್ತಿದ್ದೇ ಅದಕ್ಕೆ ಗೊತ್ತಾದ ಹಾಗೆ ಕಾಣಲಿಲ್ಲ. ಎದುರಿಂದ ಮಿನಿ ಬಸ್ಸೊಂದು ಏದುಸಿರು ಬಿಡುತ್ತಾ ಹತ್ತಿ ಬರುತ್ತಿತ್ತು. ಕಾಲನ್ನು ನೆಲಕ್ಕೆ ಉಜ್ಜುತ್ತಾ, ಗುಡ್ಡದ ಕಡೆಯ ಚರಂಡಿಗೆ ಸೈಕಲ್ ಇಳಿಸಿ ಬಿದ್ದೆ. ಮೊಣಕೈ ತರಚಿತು, ಮುಂದಿನ ರಿಮ್ಮು ನೆಗ್ಗಿತು. ಬಸ್ಸಿನವರು ಕಿಟಕಿಯಿಂದ ಬಗ್ಗಿ ನೋಡಿ, "ಪೆಟ್ಟಾಯ್ತಾ?" ಅಂತ ಕೇಳಿ ಮುಂದೆ ಹೋದರು.

ಆ ಹೊತ್ತಿಗೆ ನಾನು ಕೂತಿದ್ದದ್ದು 11 ಸಾವಿರ ರೂಪಾಯಿಯ ಚರ್ಮದ ಸೀಟಿನ ಮೇಲೆ. ಹ್ಯಾಂಡಲ್ಲಿಗೆ ಹಿತ್ತಾಳೆ ಬೆಲ್ಲು, ಹಿಂದೆ ಕ್ಯಾನ್ವಾಸ್ ಬ್ಯಾಗು. ಬ್ರೇಕಿಗೆ ಮಾತ್ರ ಒಂದು ರೂಪಾಯಿ ಖರ್ಚು ಮಾಡಿರಲಿಲ್ಲ.

ಹಳೇ ಶೈಲಿಯ ಟೂರಿಂಗ್ ಸೈಕಲ್ ಕಟ್ಟಿಕೊಳ್ಳುವ ಹುಚ್ಚು ಈಗ ನನ್ನಂಥ ಸುಮಾರು ಜನಕ್ಕೆ ಹಿಡಿದಿದೆ. ಸಪೂರ ಸ್ಟೀಲ್ ಫ್ರೇಮು, ಬಾಗಿದ ಹ್ಯಾಂಡಲ್ಲು, ಮಡ್‌ಗಾರ್ಡು, ಕ್ಯಾರಿಯರ್. ಫೋಟೋದಲ್ಲಿ ನೋಡಿದರೆ ಎದೆ ಝಲ್ಲೆನ್ನುತ್ತದೆ. ನನಗೆ ಫ್ರೇಮ್ ಪುಕ್ಕಟೆಯಾಗಿಯೇ ಸಿಕ್ಕಿತು. ಶಿವಮೊಗ್ಗದಲ್ಲಿರುವ ನಮ್ಮ ಚಿಕ್ಕಪ್ಪ ಬೆಂಗಳೂರಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾಗ, 1986ರಲ್ಲಿ, ಊರಿಗೆ ಮರಳುತ್ತಿದ್ದ ಇಂಗ್ಲಿಷ್ ಎಂಜಿನಿಯರ್ ಒಬ್ಬರಿಂದ ಕೊಂಡ ಹತ್ತು ಗೇರಿನ ಸೈಕಲ್ಲು ಅದು. ಫ್ರೇಮಿನ ಮೇಲೆ ಅರ್ಧ ಅಳಿಸಿದ 'ರೆನಾಲ್ಡ್ಸ್ 531' ಸ್ಟಿಕ್ಕರ್. ಬರ್ಮಿಂಗ್‌ಹ್ಯಾಮಿನ ರೆನಾಲ್ಡ್ಸ್‌ನವರು 1935ರಲ್ಲಿ ಹೊರತಂದ ಮ್ಯಾಂಗನೀಸ್-ಮಾಲಿಬ್ಡಿನಮ್ ಉಕ್ಕಿನ ಕೊಳವೆ. ದಶಕಗಟ್ಟಲೆ ಒಳ್ಳೆ ಸೈಕಲ್ ಅಂದರೆ ಅದೇ ಅನ್ನುವ ಹಾಗಿತ್ತು.

ಚಿಕ್ಕಪ್ಪನಿಗೆ ಹೃದಯಕ್ಕೆ ಎರಡು ಸ್ಟೆಂಟ್ ಹಾಕಿದ ಮೇಲೆ ಸೈಕಲ್ ಅಟ್ಟ ಸೇರಿತ್ತು. ಆದರೂ ಪ್ರತಿ ಆಯುಧಪೂಜೆಗೆ ಕೆಳಗಿಳಿಸಿ, ಕ್ರೋಮ್ ರಿಮ್ಮುಗಳನ್ನು ಮುಖ ಕಾಣುವಷ್ಟು ಉಜ್ಜಿ, ಹೂವು ಮುಡಿಸಿ, ಮತ್ತೆ ಅಟ್ಟಕ್ಕೇರಿಸುವುದು ತಪ್ಪಿರಲಿಲ್ಲ. "ತಗೊಂಡು ಹೋಗೋ, ಆದ್ರೆ ಅದರ ಸ್ವರೂಪ ಕೆಡಿಸ್ಬೇಡ" ಅಂತ ಹೇಳಿ ಕೊಟ್ಟರು. ನಾನು ಕೆಡಿಸಲಿಲ್ಲ. ಸಿಂಗಾರ ಮಾಡಿದೆ. ಫಲಿತಾಂಶ ಚರಂಡಿ.

ತಪ್ಪು ಎಲ್ಲಿತ್ತು ಅಂತ ಆಮೇಲೆ ಗೊತ್ತಾಯಿತು. ಆ ಹೊಳೆಯುವ ರಿಮ್ಮುಗಳು ಉಕ್ಕಿನವು, ಮೇಲೆ ಕ್ರೋಮ್ ಲೇಪ. ಒಣಗಿದ್ದಾಗ ಪರವಾಗಿಲ್ಲ. ಮಳೆ ಬಿದ್ದರೆ ಕನ್ನಡಿಯಂಥ ಆ ಮೈ ಮೇಲೆ ನೀರಿನ ಪದರ ಕೂತುಬಿಡುತ್ತದೆ, ಬ್ರೇಕಿನ ರಬ್ಬರು ಅದರ ಮೇಲೆ ಸುಮ್ಮನೆ ಜಾರುತ್ತದೆ. ಅಲ್ಯೂಮಿನಿಯಂ ರಿಮ್ಮಿನಲ್ಲಿ ರಬ್ಬರು ಒಂದೆರಡು ಸುತ್ತಿನಲ್ಲೇ ನೀರು ಒರೆಸಿ ಹಿಡಿತ ಸಾಧಿಸುತ್ತದೆ. ಮಲೆನಾಡಿನಲ್ಲಿ ಓಡಿಸುವವನು ಮೊದಲು ಬದಲಿಸಬೇಕಾದದ್ದು ರಿಮ್ಮು. ನಾನು ಮೊದಲು ಬದಲಿಸಿದ್ದು ಸೀಟು.

ಸರಿ, ರಿಮ್ ಬದಲಿಸೋಣ ಅಂದುಕೊಂಡೆ. ಅಲ್ಲಿಂದ ಶುರುವಾಯಿತು ಮಿಲಿಮೀಟರುಗಳ ಲೋಕ.

ಇಪ್ಪತ್ತೇಳೋ, ಇಪ್ಪತ್ತೆಂಟೋ?

ನನ್ನ ಹಳೇ ಟೈರಿನ ಮೇಲೆ 27 × 1¼ ಅಂತಿತ್ತು. ಈ ಅಳತೆ ಈಗ ನಮ್ಮ ಕಡೆ ಅಂಗಡಿಗಳಲ್ಲಿ ಸಿಗುವುದಿಲ್ಲ ಅಂತಲೇ ಇಟ್ಟುಕೊಳ್ಳಿ. ಪಂಕ್ಚರ್ ಅಂಗಡಿಯವರೊಬ್ಬರು, "ಇಪ್ಪತ್ತೆಂಟೇ ಹಾಕ್ಸಿ ಸಾರ್, ಒಂದಿಂಚು ಏನ್ ಮಹಾ" ಅಂತ ಹಾಕಿಯೂ ಬಿಟ್ಟರು. ಅರ್ಧ ಗಾಳಿ ತುಂಬುವಷ್ಟರಲ್ಲಿ ಟೈರು ಒಂದು ಕಡೆ ರಿಮ್ಮಿನಿಂದ ಎದ್ದು, ಟ್ಯೂಬು ಬಲೂನಿನ ಹಾಗೆ ಹೊರಬಂದು, ಢಂ! ರಸ್ತೆಯಲ್ಲಿದ್ದ ನಾಯಿಗಳೆಲ್ಲ ಓಡಿಹೋದವು.

ಇಂಚಿನ ಲೆಕ್ಕವನ್ನು ನಂಬಲೇಬೇಡಿ. ಟೈರಿನ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ 35-622 ಅನ್ನುವಂಥ ಜೋಡಿ ಸಂಖ್ಯೆ ಇರುತ್ತದೆ. ಮೊದಲನೆಯದು ಟೈರಿನ ಅಗಲ, ಎರಡನೆಯದು ಟೈರು ರಿಮ್ಮಿನಲ್ಲಿ ಕೂರುವ ಜಾಗದ ವ್ಯಾಸ, ಎರಡೂ ಮಿಲಿಮೀಟರಿನಲ್ಲಿ. ಹಾಲಿನವರ ದೊಡ್ಡ ಸೈಕಲ್ಲಿನ 28 × 1½ ಟೈರಿಗೆ ಈ ವ್ಯಾಸ 635. ನನ್ನ ಇಪ್ಪತ್ತೇಳಕ್ಕೆ 630. ಈಗಿನ ಹೈಬ್ರಿಡ್, ರೋಡ್ ಸೈಕಲ್ಲುಗಳಿಗೆ ಬರುವ 700ಸಿ ಅಂದರೆ 622. ತಮಾಷೆ ಏನೆಂದರೆ ಈ 700ಸಿ ಟೈರಿನ ಮೇಲೂ ಎಷ್ಟೋ ಸಲ 28 ಇಂಚು ಅಂತಲೇ ಬರೆದಿರುತ್ತಾರೆ. ಹೆಸರು ಒಂದೇ, ಕಾಲು ಬೇರೆ. ಐದೇ ಐದು ಮಿಲಿಮೀಟರಿಗೆ ನನ್ನ ಟ್ಯೂಬು ಸಿಡಿದದ್ದು.

ನಾನು 622ಕ್ಕೆ ಹೋದೆ. ಕಾರಣ ಸರಳ: ಈಗ ಸಾಧಾರಣ ಎಲ್ಲ ಜಿಲ್ಲಾ ಕೇಂದ್ರಗಳಲ್ಲೂ ಹೈಬ್ರಿಡ್ ಸೈಕಲ್ ಮಾರುವ ಅಂಗಡಿ ಇದೆ, ಟೈರು ಹರಿದರೆ ಸಿಗುತ್ತದೆ. ಗಾಲಿ ಚಿಕ್ಕದಾದ್ದರಿಂದ ಇನ್ನೊಂದು ಲಾಭವೂ ಆಯಿತು. 32 ಮಿ.ಮೀ. ಟೈರಿದ್ದ ಕಡೆ 35ರ ಟೈರು, ಅದರ ಮೇಲೆ ಮಡ್‌ಗಾರ್ಡು, ಎರಡೂ ಕೂತವು.

ಆದರೆ ವ್ಯಾಸ 8 ಮಿ.ಮೀ. ಇಳಿದರೆ ಬ್ರೇಕಿನ ರಬ್ಬರು 4 ಮಿ.ಮೀ. ಕೆಳಗಿಳಿಯಬೇಕಲ್ಲ? ಇದನ್ನು ಯೋಚಿಸದೆ ರಿಮ್ ಕೊಂಡವರು ಆಮೇಲೆ ಬ್ರೇಕ್ ಹುಡುಕಿಕೊಂಡು ಅಲೆಯುತ್ತಾರೆ. ಹೊಸ ಕಾಲದ ಬ್ರೇಕುಗಳ ತೋಳು ಗಿಡ್ಡ. ಉದ್ದದ್ದು ಅಂತ ಮಾರುವುದೂ ಸಾಮಾನ್ಯವಾಗಿ 47ರಿಂದ 57 ಮಿ.ಮೀ. ವರೆಗೆ ಮಾತ್ರ ಮುಟ್ಟುತ್ತದೆ. ಸಾಲದ್ದಕ್ಕೆ ಅವುಗಳ ಬೋಲ್ಟು ಗಿಡ್ಡ, ನಟ್ಟು ಫ್ರೇಮಿನ ತೂತಿನೊಳಗೆ ಹೋಗಿ ಕೂರುವಂಥದ್ದು. ಹಳೇ ಫ್ರೇಮಿಗೆ ತೂತು ದೊಡ್ಡದು ಮಾಡದೆ ಕೂರುವುದಿಲ್ಲ. ನನ್ನ ಅದೃಷ್ಟಕ್ಕೆ ಚಿಕ್ಕಪ್ಪನ ಹಳೇ ಸೆಂಟರ್-ಪುಲ್ ಬ್ರೇಕುಗಳ ತೋಳು ಧಾರಾಳವಾಗಿ ಉದ್ದವಿತ್ತು, ರಬ್ಬರನ್ನು ಕೆಳಗಿಳಿಸಲು ಜಾಗ ಉಳಿದಿತ್ತು. ಅದನ್ನೇ ಇಟ್ಟುಕೊಂಡು ಕೇಬಲ್ಲು, ರಬ್ಬರು ಹೊಸದು ಹಾಕಿದೆ. ರಬ್ಬರು ಮಾತ್ರ ಕೂಲ್-ಸ್ಟಾಪ್‌ನವರ ಸಾಲ್ಮನ್ ಬಣ್ಣದ್ದು, ಮಳೆಗೆ ಹೆಸರುವಾಸಿ. ಹೊರಗಿಂದ ತರಿಸಿದ್ದರಲ್ಲಿ ಒಂಚೂರೂ ಪಶ್ಚಾತ್ತಾಪ ಆಗದ ವಸ್ತು ಅದೊಂದೇ.

ಸಾಬರ ಅಂಗಡಿಯಲ್ಲಿ

ಬೆಂಗಳೂರಿನ ಸಿಟಿ ಮಾರ್ಕೆಟ್ ಸುತ್ತಮುತ್ತಲ ಹಳೇ ಪೇಟೆ ಬೀದಿಗಳಲ್ಲಿ ಮೂರು ಶನಿವಾರ ಅಲೆದ ಮೇಲೆ, ಓಣಿಯೊಂದರಲ್ಲಿ ವಯಸ್ಸಾದ ಸಾಬರೊಬ್ಬರ ರಿಪೇರಿ ಅಂಗಡಿ ಸಿಕ್ಕಿತು. ನಾನು ಫೋನಿನಲ್ಲಿ ಸ್ಕ್ರೀನ್‌ಶಾಟ್ ತೋರಿಸಿ, "ಈ ಹಬ್ಬೇ ಬೇಕು" ಅಂದೆ. ಅವರು ಫೋನ್ ನೋಡಲಿಲ್ಲ. ವರ್ನಿಯರ್ ಕ್ಯಾಲಿಪರ್ ಕೈಗೆ ಕೊಟ್ಟು, "ಮೊದ್ಲು ಅಳತೆ ತಗೊಂಡ್ ಬನ್ನಿ, ಆಮೇಲೆ ಬಯ್ಯಿ ಬೇಕಾದ್ರೆ" ಅಂದರು.

ಅಳೆದೆ. ಹಿಂದಿನ ಗಾಲಿ ಕೂರುವ ಫೋರ್ಕಿನ ಒಳ ಅಂತರ 120 ಮಿ.ಮೀ. ಐದು ಹಲ್ಲುಚಕ್ರದ ಕಾಲದ್ದು. ಆಮೇಲೆ ಬಂದ ರಿಮ್ ಬ್ರೇಕಿನ ರೋಡ್ ಸೈಕಲ್ ಹಬ್ಬು 130, ಸಾಧಾರಣ ಎಂಟಿಬಿಯದ್ದು 135. ಅಷ್ಟು ಅಗಲಿಸುವ ಧೈರ್ಯ ನನಗಿರಲಿಲ್ಲ. ಸಾಬರು ನಡುವಿನ ದಾರಿ ತೋರಿಸಿದರು: 126ರ ಹಬ್ಬು, ಮರೆ ಬಿಗಿಯುವ ಏಳರ ಫ್ರೀವೀಲು. ಈ ಥರದ್ದರಲ್ಲಿ ಬಲಗಡೆಯ ಬೇರಿಂಗು ತುಂಬ ಒಳಗೆ ಕೂರುವುದರಿಂದ ಭಾರ ಹೇರಿದರೆ ಆಕ್ಸಲ್ ಬಾಗುವ ಸಾಧ್ಯತೆ ಇದೆ. ಕ್ಯಾಸೆಟ್ ಹಬ್ಬು ಗಟ್ಟಿ, ಒಪ್ಪುತ್ತೇನೆ. ಆದರೆ ನನ್ನ ಲಗೇಜು 10 ಕಿಲೋ ದಾಟುವುದಿಲ್ಲ. ಆಕ್ಸಲ್ ಬಾಗಿದರೂ ತಾಲ್ಲೂಕು ಊರಿನ ಸೈಕಲ್ ಶಾಪಿನವನು ಅಡ್ಡಿಯಿಲ್ಲದೆ ಬಿಚ್ಚಿ ಕಟ್ಟಬಲ್ಲ. ಹಿಂದಿನ ಹಬ್ಬಿಗೆ ಪಕ್ಕಕ್ಕೆ 9ರಂತೆ ಕಾಲಿಂಚಿನ ಬಾಲ್ಸು, ಅದು ಎಲ್ಲಿಲ್ಲ ಹೇಳಿ?

120ರ ಫೋರ್ಕನ್ನು ಅವರು ಮರೆ ಇರುವ ರಾಡು, ನಟ್ಟು ಹಾಕಿ ಎರಡೂ ಕಡೆ ಮೂರು ಮೂರು ಮಿಲಿಮೀಟರ್ ಅಗಲಿಸಿದರು. ಆಮೇಲೆ ಒಂದು ದಾರ ತಗೊಂಡು, ಹಿಂದಿನ ಒಂದು ತುದಿಯಿಂದ ಹ್ಯಾಂಡಲ್ ಕೊಳವೆ ಸುತ್ತಿಸಿ ಇನ್ನೊಂದು ತುದಿಗೆ ಬಿಗಿದು ಕಟ್ಟಿದರು. ಸೀಟಿನ ಕೊಳವೆಗೂ ದಾರಕ್ಕೂ ನಡುವಿನ ಅಂತರ ಎರಡೂ ಕಡೆ ಸಮ ಇದ್ದರೆ ಫ್ರೇಮು ನೇರ. ಸಮ ಇತ್ತು. ಇದು ಉಕ್ಕಿಗೆ ಮಾತ್ರ ನಡೆಯುವ ಆಟ. ಅಲ್ಯೂಮಿನಿಯಂ ಅಥವಾ ಕಾರ್ಬನ್ ಫ್ರೇಮಿಗೆ ಯಾರಾದರೂ ಹೀಗೆ ಮಾಡುತ್ತೇನೆ ಅಂದರೆ ಸೈಕಲ್ ಎತ್ತಿಕೊಂಡು ಹೊರಟುಬಿಡಿ.

ಗಾಲಿಗೆ 36 ತೂತಿನ ಡಬಲ್-ವಾಲ್ ರಿಮ್ಮು, 14 ಗೇಜಿನ ಸ್ಟೇನ್‌ಲೆಸ್ ಕಡ್ಡಿ. ಇಲ್ಲೊಂದು ಕಿವಿಮಾತು. ರಿಮ್ಮು, ಹಬ್ಬು ಕೈಗೆ ಬರುವ ತನಕ ಕಡ್ಡಿ ಕೊಳ್ಳಬೇಡಿ. ಉದ್ದ ಎರಡನ್ನೂ ನೋಡಿ ಲೆಕ್ಕ ಹಾಕಬೇಕು, ಹಿಂದಿನ ಗಾಲಿಗಂತೂ ಎಡಕ್ಕೊಂದು ಉದ್ದ, ಬಲಕ್ಕೊಂದು ಉದ್ದ. ಕಡ್ಡಿ ಕಟ್ಟಿ ಬೆಂಡ್ ತೆಗೆಯುವುದನ್ನು ನೋಡುತ್ತಾ ಎರಡು ಗಂಟೆ ಕೂತಿದ್ದೆ. ಅವತ್ತು ಆಫೀಸಿನ ಒಂದು ಕಾಲ್ ತಪ್ಪಿಸಿಕೊಂಡೆ ಅಂತ ಈಗ ಒಪ್ಪಿಕೊಳ್ಳಬಹುದು.

ಪೆಡ್ಲಿನ ಕಡೆ ನನ್ನದೇ ಒಂದು ಅವಿವೇಕ. ಹಳೇ ಬಿ.ಬಿ. ಕಪ್ಪು ಬಿಚ್ಚಲು ಮನೆಯಲ್ಲೇ ಅರ್ಧ ಗಂಟೆ ಸ್ಪ್ಯಾನರ್ ತಿರುಗಿಸಿದೆ. ಇಂಗ್ಲಿಷ್ ಫ್ರೇಮುಗಳಲ್ಲಿ ಬಲಗಡೆಯ ಕಪ್ಪಿಗೆ ಎಡಮರೆ. ನಾನು ಅರ್ಧ ಗಂಟೆಯೂ ಅದನ್ನು ಬಿಗಿ ಮಾಡುತ್ತಿದ್ದೆ! ಇಂಗ್ಲಿಷ್ ಮರೆಯಾದ್ದರಿಂದ ಮಾತ್ರ ಬಚಾವು: 68 ಮಿ.ಮೀ. ಅಗಲದ ಸಾಮಾನ್ಯ ಸೀಲ್ಡ್ ಬಿ.ಬಿ. ಸಲೀಸಾಗಿ ಕೂತಿತು. ಹಳೇ ಇಟಾಲಿಯನ್ ಅಥವಾ ಫ್ರೆಂಚ್ ಫ್ರೇಮ್ ಆಸೆಪಟ್ಟು ಕೊಳ್ಳುವವರು ಮೊದಲು ಈ ಮರೆಯನ್ನು ವಿಚಾರಿಸಿ.

ಮೊದಲಿದ್ದ ಮುಂದಿನ ಚಕ್ರ 52 ಮತ್ತು 40 ಹಲ್ಲಿನದು, ಹಿಂದಿನ ದೊಡ್ಡದು 28. ಅತಿ ಹಗುರ ಗೇರಿನಲ್ಲೂ ಪೆಡ್ಲಿನ ಒಂದು ಸುತ್ತಿಗೆ 3.1 ಮೀಟರ್ ಹೋಗಬೇಕಿತ್ತು. ಘಾಟಿಯಲ್ಲಿ ಅದು ಗೇರಲ್ಲ, ಶಿಕ್ಷೆ. ಈಗ ಮುಂದೆ 48-38-28, ಹಿಂದೆ 14ರಿಂದ 34. ಅತಿ ಹಗುರದ್ದು ಸುತ್ತಿಗೆ 1.8 ಮೀಟರ್. ಎರಡೂ ಸಾಧಾರಣ ಎಂಟಿಬಿಗೆ ಹಾಕುವ ಅಗ್ಗದ ಮಾಲು, ಹೆಸರು ಹೇಳಿಕೊಳ್ಳುವಂಥದ್ದಲ್ಲ. ಫ್ರೇಮಿನ ಮೇಲಿದ್ದ ಹಳೇ ಗೇರ್ ಲಿವರನ್ನೇ ಉಳಿಸಿದೆ. ಅದರಲ್ಲಿ ಟಕ್ ಟಕ್ ಅಂತ ಮನೆಗಳಿಲ್ಲ, ಕೈಯಂದಾಜು. ಹಾಗಾಗಿಯೇ ಐದು ಚಕ್ರವಿರಲಿ ಏಳಿರಲಿ, ಯಾವ ಕಂಪನಿಯದಾದರೂ ಇರಲಿ, ಒಪ್ಪಿಕೊಳ್ಳುತ್ತದೆ.

ಸೀಟಿನ ವಿಷಯ ಬಿಟ್ಟೇಹೋಯಿತು. ಬ್ರೂಕ್ಸ್ ಬಿ17, 1866ರಲ್ಲಿ ಶುರುವಾದ ಕಂಪನಿಯದು, ಬೈದುಕೊಳ್ಳಲು ಮನಸ್ಸು ಬರುವುದಿಲ್ಲ. ಮೊದಲ ಕೆಲವು ವಾರ ಮಣೆ ಮೇಲೆ ಕೂತ ಹಾಗೆ, ಆಮೇಲೆ ನಿಮ್ಮ ಮೈಗೇ ಒಗ್ಗುತ್ತದೆ. ಮಳೆಗೆ ಮಾತ್ರ ಆಗದು, ನೆನೆದರೆ ಜೋತುಬೀಳುತ್ತದೆ. ಪ್ಲಾಸ್ಟಿಕ್ ಚೀಲ ಸದಾ ಜೊತೆಗಿರಲಿ. ಅದಕ್ಕೆ ಅಂತ 27.2ರ ಸೀಟ್ ರಾಡ್ ತರಿಸಿದ್ದೆ, '531 ಅಂದ್ರೆ 27.2' ಅಂತ ಎಲ್ಲೋ ಓದಿ. ಹೋಗಲೇ ಇಲ್ಲ. ಹಳೇ ರಾಡನ್ನು ಅಳೆದರೆ 26.4. ಕೊಳವೆ ದಪ್ಪವಿದ್ದಷ್ಟೂ ಒಳಗಿನ ತೂತು ಸಣ್ಣದು, ಅಷ್ಟೇ. ಕ್ಯಾಲಿಪರಿಗೆ ಕೊಟ್ಟ ದುಡ್ಡು ಆ ರಾಡಿನ ಕಾಲು ಭಾಗವೂ ಅಲ್ಲ.

ಹೊರದೇಶದಿಂದ ತರಿಸುವ ಆಸೆ ಇದ್ದರೆ, ಸಾಮಾನಿನ ಬೆಲೆಯಷ್ಟೇ ನೋಡಿ ಖುಷಿಪಡಬೇಡಿ. ಸಾಗಣೆ, ಕಸ್ಟಮ್ಸ್ ಸೇರಿ ನನಗೊಂದು ಪಾರ್ಸಲ್ ಹೆಚ್ಚುಕಮ್ಮಿ ದುಪ್ಪಟ್ಟಾಯಿತು. ಸೀಟು ಬಿಟ್ಟು ಒಟ್ಟು ಖರ್ಚು 23 ಸಾವಿರ. ಅದರಲ್ಲಿ 5 ಸಾವಿರ ತಪ್ಪು ಸಾಮಾನಿಗೆ.

ಉಳಿದದ್ದು ಕಷ್ಟದ ಕೆಲಸ: ಚಿಕ್ಕಪ್ಪನಿಗೆ ಹೇಳುವುದು. ಬಿದ್ದದ್ದನ್ನು ಮುಚ್ಚಿಟ್ಟಿದ್ದೆ. ಹೊಸ ಗಾಲಿ ಹಾಕಿದ ಸೈಕಲ್ಲು, ಹಳೇ ರಿಮ್ಮುಗಳು ಎರಡನ್ನೂ ತಗೊಂಡು ಶಿವಮೊಗ್ಗಕ್ಕೆ ಹೋದೆ. ಅವರು ಸೈಕಲ್ ಕಡೆ ನೋಡಲಿಲ್ಲ. ರಿಮ್ ಎತ್ತಿಕೊಂಡು ಸುತ್ತ ಬೆರಳಾಡಿಸಿದರು. ನೆಗ್ಗಿದ ಜಾಗದಲ್ಲಿ ಬೆರಳು ನಿಂತಿತು.

"ಎಲ್ಲಿ ಬಿದ್ಯೋ?"

ಹೇಳಿದೆ. ಮಳೆ, ತಿರುವು, ಬಸ್ಸು, ಎಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಮಳೇಲಿ ಇದು ನಿಲ್ಲಲ್ಲ ಅಂತ ನಂಗೊತ್ತಿತ್ತು ಕಣೋ. ನಾನು ಮಳೇಲಿ ತೆಗೀತಾನೇ ಇರ್ಲಿಲ್ಲ."

ಒಳಗಿಂದ ಚಿಕ್ಕಮ್ಮನ ದನಿ ಬಂತು. "ಹಂಗಾದ್ರೆ ಕೊಡೋವಾಗ ಒಂದ್ ಮಾತು ಹೇಳ್ಬಾರ್ದಿತ್ತೇನ್ರೀ? ಸ್ವರೂಪ ಕೆಡಿಸ್ಬೇಡ ಅನ್ನೋಕ್ ಮಾತ್ರ ನೆನಪಿತ್ತು."

ಅವರು ಉತ್ತರ ಕೊಡಲಿಲ್ಲ. ಸೈಕಲ್ಲಿನ ಹತ್ತಿರ ಬಂದು ಮುಂದಿನ ಬ್ರೇಕ್ ಒತ್ತಿ, ಹ್ಯಾಂಡಲ್ ಹಿಡಿದು ಮುಂದಕ್ಕೆ ದೂಡಿದರು. ಗಾಲಿ ಅಲ್ಲಾಡಲಿಲ್ಲ. ಬಕೆಟ್ಟಿನಿಂದ ಒಂದು ಚೊಂಬು ನೀರು ತಂದು ರಿಮ್ಮಿನ ಮೇಲೆ ಸುರಿದು, ಗಾಲಿ ಎತ್ತಿ ತಿರುಗಿಸಿ, ಮತ್ತೆ ಒತ್ತಿದರು. ಮೂರು ಸಲ. ಆಮೇಲೆ, "ಹೂಂ, ಕಾಫಿ ಕುಡಿ ಬಾ" ಅಂದರು.

ಕ್ರೋಮ್ ರಿಮ್ಮುಗಳು ಈಗ ಅವರ ವರಾಂಡದ ಗೋಡೆಯ ಮೇಲಿವೆ. ಮುಂದಿನ ತಿಂಗಳು ತೀರ್ಥಹಳ್ಳಿ, ಆಗುಂಬೆ, ಸೋಮೇಶ್ವರ, ಹೆಬ್ರಿ ಮೇಲೆ ಉಡುಪಿಗೆ ಮತ್ತೆ ಹೊರಟಿದ್ದೇನೆ.

ಅಂದಹಾಗೆ, ಸ್ಪೇರ್ ಇರಲಿ ಅಂತ ಮೊದಲೇ ಹೊರಗಿಂದ ತರಿಸಿಟ್ಟ 27 × 1¼ ಟೈರು ಒಂದು ಜೊತೆ, ಕಟ್ಟು ಬಿಚ್ಚದೆ ನನ್ನ ಮಂಚದ ಕೆಳಗಿದೆ. ಟೈರಿನ ಮೇಲೆ 32-630 ಅಂತ ಬರೆದಿದೆ. ನಿಮ್ಮ ಮನೆಯ ಅಟ್ಟದಲ್ಲೂ ಅಂಥ ಸೈಕಲ್ಲೊಂದು ಇದ್ದರೆ, ರಿಮ್ಮಿನ ಅಳತೆ ನೋಡಿಕೊಂಡು ಕೆಳಗೆ ಒಂದು ಸಾಲು ಬರೆಯಿರಿ. ದುಡ್ಡೇನೂ ಬೇಡ.