ಜೀವಕೋಶದೊಳಗಣ ಸಾಗಣೆಯೂ ಗಣಕಯಂತ್ರದ ತರ್ಕವೂ

ಕೊಳ್ಳೇಗಾಲವು ರೇಷ್ಮೆಗೆ ಹೆಸರಾದ ಊರು. ಆದರೆ ರೇಷ್ಮೆಯ ಎಳೆಯು ಹುಳುವಿನ ಬಾಯಿಂದ ಹೊರಬೀಳುವ ಮೊದಲೇ ಒಂದು ಪಯಣವನ್ನು ಮುಗಿಸಿರುತ್ತದೆಂಬುದು ಅನೇಕರ ಗಮನಕ್ಕೆ ಬಂದಿರಲಾರದು. ರೇಷ್ಮೆಗ್ರಂಥಿಯ ಹಿಂಭಾಗದ ಜೀವಕೋಶಗಳಲ್ಲಿ ಹುಟ್ಟುವ ಫೈಬ್ರಾಯಿನ್ ಎಂಬ ಪ್ರೋಟೀನು, ಕೋಶದ ಒಳಪೊರೆಗಳ ಜಾಲವನ್ನು ಹೊಕ್ಕು, ಗಾಲ್ಗಿ ಎಂಬ ಅಂಗವನ್ನು ಹಾದು, ಕಣಕಣಗಳಾಗಿ ಗ್ರಂಥಿಯ ನಾಳಕ್ಕೆ ಸುರಿಯುತ್ತದೆ.

ಈ ಗಾಲ್ಗಿಯನ್ನು 1898ರಲ್ಲಿ ಇಟಲಿಯ ಕಮಿಲ್ಲೊ ಗಾಲ್ಗಿಯು ನರಕೋಶಗಳಲ್ಲಿ ಕಂಡು ವರ್ಣಿಸಿದನು. ಸಾಮಾನ್ಯವಾಗಿ ಇದು ಒಂದರ ಮೇಲೊಂದು ಒಟ್ಟಿದ ಚಪ್ಪಟೆ ಚೀಲಗಳ ರೂಪದಲ್ಲಿರುತ್ತದೆ. ಸರಕು ಇದನ್ನು ದಾಟುವ ಬಗೆ ಹೇಗೆಂಬುದರಲ್ಲಿ ಬಹುಕಾಲ ಎರಡು ಪಕ್ಷಗಳಿದ್ದುವು. ಕೊಳ್ಳೇಗಾಲದಿಂದ ಹೊರಟ ಮೂಟೆಯು ಹನೂರಿನಲ್ಲಿ ಗಾಡಿ ಬದಲಿಸಿ ಒಡೆಯರಪಾಳ್ಯವನ್ನು ಸೇರುವಂತೆ, ಚೀಲಗಳು ಸ್ಥಿರವಾಗಿದ್ದು ಸರಕು ಮಾತ್ರ ಕಿರುಚೀಲಗಳಲ್ಲಿ ಮುಂದೆ ಸಾಗುವುದೆಂಬುದು ಒಂದು ಪಕ್ಷ. ಬಾಲನೇ ಯುವಕನಾಗಿ ವೃದ್ಧನಾಗುವಂತೆ, ಸರಕನ್ನು ಹೊತ್ತ ಚೀಲವೇ ಮಾಗುತ್ತ ಹೋಗುವುದು, ಹಳೆಯ ಕಿಣ್ವಗಳು ಮಾತ್ರ ಕಿರುಚೀಲಗಳಲ್ಲಿ ಹಿಂದಕ್ಕೆ ಮರಳುವುವೆಂಬುದು ಇನ್ನೊಂದು. ಯೀಸ್ಟಿನಲ್ಲಿ ಈ ಚೀಲಗಳು ಬಿಡಿಬಿಡಿಯಾಗಿ ಇರುವುದರಿಂದ ಒಂದೊಂದನ್ನೇ ಗಮನಿಸಬಹುದು. 2006ರಲ್ಲಿ ಎರಡು ಸಂಶೋಧಕ ತಂಡಗಳು ಜೀವಂತ ಯೀಸ್ಟಿನಲ್ಲಿ ಚೀಲವೇ ಮಾಗುವುದನ್ನು ಸೂಕ್ಷ್ಮದರ್ಶಕದ ಮೂಲಕ ಕಂಡುವು.

ಹೀಗೆ ಆಗುತ್ತದೆಂಬುದು ಪ್ರತ್ಯಕ್ಷವಾಯಿತು. ಏಕೆ ಹೀಗಾಗಬೇಕೆಂಬ ಪ್ರಶ್ನೆ ಉಳಿಯಿತು. ಇದನ್ನು ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಸೌಮ್ಯ ಮಣಿ ಮತ್ತು ಮುಕುಂದ ತಟ್ಟೈ ಅವರು ಗಣಕಯಂತ್ರದಲ್ಲಿ ಪರಿಶೀಲಿಸಿ 2016ರಲ್ಲಿ ಪ್ರಕಟಿಸಿದರು. ಅವರು ಯಂತ್ರಕ್ಕೆ ಒದಗಿಸಿದ್ದು ಕೆಲವು ನಿಯಮಗಳನ್ನು ಮಾತ್ರ: ಯಾವ ಅಣುಗಳು ಕೂಡಿ ಕಿರುಚೀಲವಾಗಿ ಒಡೆದು ಹೊರಡುವುವು, ಯಾವ ಗುರುತುಳ್ಳ ಕಿರುಚೀಲ ಯಾವ ಚೀಲದೊಡನೆ ಬೆರೆಯುವುದು ಎಂಬುವನ್ನು. ಒಟ್ಟು ವ್ಯವಸ್ಥೆಯು ಕಾಲಕ್ರಮದಲ್ಲಿ ಕೆಡದೆ ಸಮಸ್ಥಿತಿಯಲ್ಲಿ ಉಳಿಯಬೇಕೆಂಬುದು ಷರತ್ತು. ಇಂತಹ ಹತ್ತಾರು ಸಾವಿರ ಜಾಲಗಳನ್ನು ಪರೀಕ್ಷಿಸಲು, ಚೀಲಗಳು ಹುಟ್ಟಿ, ಮಾಗಿ, ಕರಗುವ ಸರಣಿಯುಳ್ಳವೇ ಉಳಿದ ಎಲ್ಲ ಬಗೆಗಳಿಗಿಂತ ಹೆಚ್ಚಾಗಿ ಕಂಡುಬಂದುವು. ಒಂದರ ಮೇಲೊಂದು ಒಟ್ಟುವುದನ್ನು ಅವರು ಯಂತ್ರಕ್ಕೆ ಹೇಳಿಕೊಟ್ಟಿರಲಿಲ್ಲವೆಂಬುದು ಗಮನಾರ್ಹ. ಆದುದರಿಂದ ಈ ರಚನೆಯು ದೊಡ್ಡ ಸರಕನ್ನು ಸಾಗಿಸಲೆಂದೇ ಆಯ್ಕೆಯಾದುದಲ್ಲದೆ ಇರಬಹುದು. ಸಾಗಣೆಯ ಸಮತೋಲದಿಂದ ತಾನಾಗಿ ಒದಗಿ, ಅನಂತರ ಆ ಕಾರ್ಯಕ್ಕೆ ಬಳಕೆಯಾಗಿರಬಹುದು. ಒಂದು ವಸ್ತುವಿನಿಂದ ಪ್ರಯೋಜನವಿದೆಯೆಂದ ಮಾತ್ರಕ್ಕೆ ಅದು ಆ ಪ್ರಯೋಜನಕ್ಕಾಗಿಯೇ ಹುಟ್ಟಿತೆಂದು ಸಾಧಿಸಿದಂತಾಗದು.

ಹಾಗಾದರೆ ಗಣಕಯಂತ್ರದ ಈ ಫಲವನ್ನು ಪ್ರಮಾಣವೆಂದು ಎಣಿಸಬಹುದೆ? ನೈಯಾಯಿಕರು ತರ್ಕವನ್ನು ಪ್ರಮಾಣಗಳಲ್ಲಿ ಸೇರಿಸಲಿಲ್ಲ; ಪ್ರಮಾಣಕ್ಕೆ ನೆರವಾಗುವುದೆಂದು ಮಾತ್ರ ಒಪ್ಪಿದರು. ಬೆಂಕಿಯಿಲ್ಲದಿದ್ದರೆ ಹೊಗೆಯೂ ಇರುತ್ತಿರಲಿಲ್ಲವೆಂಬುದು ತರ್ಕ. ಅದು ಸಂಶಯವನ್ನು ಕಳೆಯುತ್ತದೆ, ಬೆಟ್ಟದ ಮೇಲಿನ ಬೆಂಕಿಯನ್ನು ತೋರಿಸುವುದಿಲ್ಲ. ಗಣಕದ ಮಾದರಿಯ ಸ್ಥಾನವೂ ಇದೇ. ಇಂತಹ ನಿಯಮಗಳಿದ್ದರೆ ಇಂತಹ ಫಲವೆಂದು ಅದು ಹೇಳಬಲ್ಲುದು. ಕೋಶದಲ್ಲಿ ಆ ನಿಯಮಗಳೇ ಇವೆಯೆಂದು ಹೇಳಲಾರದು. ಅದನ್ನು ನಿರ್ಣಯಿಸಲು ಗುರುತಿನ ಅಣುವೊಂದನ್ನು ಜೀವಂತ ಕೋಶದಲ್ಲಿ ಬದಲಿಸಿ, ಚೀಲದ ಮಾಗುವಿಕೆ ನಿಲ್ಲುವುದೋ ನಡೆಯುವುದೋ ಎಂದು ಕಣ್ಣಾರೆ ನೋಡಬೇಕು. ಏನನ್ನು ನೋಡಬೇಕೆಂದು ತಿಳಿಸುವುದು ತರ್ಕ. ನೋಡಿ ನಿರ್ಣಯಿಸುವುದು ಪ್ರತ್ಯಕ್ಷ. ಇವೆರಡರ ಅಧಿಕಾರವನ್ನು ಬೇರ್ಪಡಿಸಿ ಇಟ್ಟುಕೊಂಡವನಿಗೆ ಯಂತ್ರವು ಉತ್ತಮ ಸಹಾಯಕ; ಬೆರಸಿದವನಿಗೆ ಅದೇ ಭ್ರಾಂತಿಗೆ ಕಾರಣ.