ಮಿಡತೆಯ ಚರ್ಮ ಕೊರೆಯುವ ಶಿಲೀಂಧ್ರ

ವೈರಸ್ ಆಗಲಿ ಬ್ಯಾಕ್ಟೀರಿಯಾ ಆಗಲಿ ಕೀಟಕ್ಕೆ ರೋಗ ತರಬೇಕಾದರೆ ಸಾಮಾನ್ಯವಾಗಿ ಮೇವಿನ ಜೊತೆ ಹೊಟ್ಟೆ ಸೇರಬೇಕು. ಶಿಲೀಂಧ್ರಕ್ಕೆ ಆ ಹಂಗಿಲ್ಲ. ಮೈಗೆ ತಾಗಿದರೆ ಸಾಕು.

ಮಿಡತೆ ಬಳಗವನ್ನೇ ನೆಚ್ಚಿಕೊಂಡಿರುವ ಶಿಲೀಂಧ್ರ ಮೆಟರೈಜಿಯಂ ಅಕ್ರಿಡಮ್‌ನ ಬೀಜಾಣು ಕೀಟದ ಮೇಣದಂಥ ಹೊರಚರ್ಮಕ್ಕೆ ಅಂಟಿಕೊಂಡು ಮೊಳೆಯುತ್ತದೆ. ಮೊಳಕೆಯ ತುದಿ ಗುಳ್ಳೆಯಂತೆ ಉಬ್ಬುತ್ತದೆ. ಅದರೊಳಗೆ ಒತ್ತಡ ಏರಿದಂತೆ ಸಪೂರವಾದ ಎಳೆಯೊಂದು ಕೆಳಕ್ಕೆ ನುಗ್ಗುತ್ತದೆ. ಚರ್ಮದ ಪ್ರೋಟೀನು, ಕೈಟಿನ್‌ಗಳನ್ನು ಕಿಣ್ವಗಳು ಕರಗಿಸಿ ದಾರಿ ಮಾಡಿಕೊಡುತ್ತವೆ. ಒಳಗೆ ಮಿಡತೆಯ ರಕ್ತದಲ್ಲಿ ಶಿಲೀಂಧ್ರ ತುಂಡುತುಂಡಾಗಿ ಹರಡಿ, ಪೋಷಕಾಂಶ ಹೀರಿ ಬೆಳೆಯುತ್ತದೆ.

ಮಿಡತೆಯೂ ಸುಮ್ಮನೆ ಸೋಲೊಪ್ಪುವುದಿಲ್ಲ. ಸೋಂಕು ತಗುಲಿದ ಮಿಡತೆ ಹೆಚ್ಚು ಹೊತ್ತು ಬಿಸಿಲಿಗೆ ಮೈಯೊಡ್ಡಿ, ದೇಹವನ್ನು 40 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಕಾಯಿಸಿಕೊಳ್ಳುತ್ತದೆ. ತನಗೆ ತಾನೇ ಜ್ವರ ಬರಿಸಿಕೊಳ್ಳುವ ಈ ಉಪಾಯ ನನಗಂತೂ ಬೆರಗು ಹುಟ್ಟಿಸುತ್ತದೆ. ಆ ಶಾಖದಲ್ಲಿ ಶಿಲೀಂಧ್ರದ ಬೆಳವಣಿಗೆ ನಿಲ್ಲುತ್ತದೆ, ಆದರೆ ಅದು ಸಾಯುವುದಿಲ್ಲ. ರಾತ್ರಿ ತಂಪಾದೊಡನೆ ಮತ್ತೆ ಚಿಗುರುತ್ತದೆ. ಸತ್ತ ಮಿಡತೆಯ ಸುತ್ತ ತೇವವಿದ್ದರೆ ಕೀಲುಗಳ ಸಂದಿನಿಂದ ಹಸಿರು ಬೀಜಾಣುಗಳು ಹೊರಬರುತ್ತವೆ. ನಮ್ಮ ರೇಷ್ಮೆ ಬೆಳೆಗಾರರು ಸುಣ್ಣಕಟ್ಟು ರೋಗ ಎನ್ನುವುದೂ ಇಂಥದೇ ಇನ್ನೊಂದು ಶಿಲೀಂಧ್ರದ ಕೆಲಸ. ಸೂಕ್ಷ್ಮಜೀವಿಯಿಂದ ಪ್ರಾಣಿಗೆ ರೋಗ ಬರುತ್ತದೆಂದು ಇಟಲಿಯ ಅಗಸ್ಟಿನೊ ಬಾಸಿ 1835ರಲ್ಲಿ ತೋರಿಸಿಕೊಟ್ಟದ್ದು ಅದನ್ನು ಅಭ್ಯಸಿಸಿಯೇ.

ಈ ಮಿಡತೆ ಶಿಲೀಂಧ್ರವನ್ನು ಮಿಡತೆ ನಿಯಂತ್ರಣಕ್ಕೆ ಬಳಸಲು ಒಂದು ತೊಡಕಿತ್ತು: ಬೀಜಾಣು ಮೊಳೆಯಲು ತೇವ ಬೇಕು, ಮಿಡತೆಗಳು ಹುಟ್ಟುವುದು ಒಣನೆಲದಲ್ಲಿ. 1989ರಲ್ಲಿ ಶುರುವಾದ ಲುಬಿಲೋಸಾ ಯೋಜನೆಯ ವಿಜ್ಞಾನಿಗಳು ಪಶ್ಚಿಮ ಆಫ್ರಿಕಾದ ಬೆನಿನ್ ಮುಂತಾದೆಡೆ ಈ ತೊಡಕನ್ನು ಬಿಡಿಸಿದರು. ನೀರಿನ ಬದಲು ಎಣ್ಣೆಯಲ್ಲಿ ಬೀಜಾಣು ಬೆರೆಸಿದರು. ಎಣ್ಣೆ ಮೇಣದ ಚರ್ಮದ ಮೇಲೆ ಹರಡಿ, ಮೈಯ ಮಡಿಕೆಗಳೊಳಗೆ ಬೀಜಾಣುಗಳನ್ನು ಒಯ್ಯುತ್ತದೆ. ಹೊರಗಿನ ಗಾಳಿ ಒಣಗಿದ್ದರೂ ಅವು ಅಲ್ಲಿ ಮೊಳೆಯಬಲ್ಲವು. ಹೀಗೆ ಬಂದ ‘ಗ್ರೀನ್ ಮಸಲ್’ ಎಂಬ ಜೈವಿಕ ಕೀಟನಾಶಕ ಹೆಕ್ಟೇರಿಗೆ 50 ಗ್ರಾಂ ಬೀಜಾಣು ಸಾಕೆನ್ನುವಷ್ಟು ಪರಿಣಾಮಕಾರಿಯಾಯಿತು.

ಅದರ ಕೊರತೆ ನಿಧಾನ. ಮಿಡತೆ ಸಾಯಲು ಒಂದರಿಂದ ಮೂರು ವಾರ ಹಿಡಿಯುತ್ತದೆ. ಹೊಲಕ್ಕೆ ಹಿಂಡು ಇಳಿದ ಮೇಲೆ ಇದನ್ನು ಸಿಂಪಡಿಸಿದರೆ ಬೆಳೆ ಉಳಿಯದು. ರೆಕ್ಕೆ ಬಲಿಯದ ಮರಿಗಳು ಇನ್ನೂ ನೆಲದ ಮೇಲೆ ಕುಪ್ಪಳಿಸುತ್ತಿರುವಾಗಲೇ ಬಳಸಬೇಕು. 2020ರಲ್ಲಿ ಸೊಮಾಲಿಯಾ ವ್ಯಾಪಕವಾಗಿ ಈ ಶಿಲೀಂಧ್ರವನ್ನೇ ಆರಿಸಿಕೊಂಡಿತು. ಕುರಿ, ಮೇಕೆ, ಒಂಟೆಗಳನ್ನೇ ನಂಬಿ ಬದುಕುವ ಜನ ಹೆಚ್ಚಿರುವ ಆ ದೇಶದಲ್ಲಿ ಹುಲ್ಲುಗಾವಲಿಗೆ ರಾಸಾಯನಿಕ ವಿಷ ಸುರಿಯದೆ ಮಿಡತೆಯನ್ನು ತಡೆಯಲು ಅದಕ್ಕಿಂತ ಸರಿಯಾದ ಆಯ್ಕೆ ಇರಲಿಲ್ಲ ಎಂದೇ ನನ್ನ ಅಭಿಪ್ರಾಯ.