ಹತ್ತು ಹೆಜ್ಜೆಗೊಮ್ಮೆ

ವಾರ್ಡಿನ ಕಾರಿಡಾರು ಇನ್ನೂ ಒದ್ದೆ. ಈಗಷ್ಟೇ ಒರೆಸಿ ಹೋದ ಫಿನಾಯಿಲಿನ ವಾಸನೆ, ಅದರ ನಡುವೆ ಎಲ್ಲಿಂದಲೋ ತೂರಿ ಬಂದ ಕಾಫಿಯ ಘಮ, ಮೂಲೆಯ ನಲ್ಲಿಯಲ್ಲಿ ಯಾರೋ ಸ್ಟೀಲಿನ ಡಬ್ಬಿ ತೊಳೆಯುವ ಸದ್ದು. ಕಿಟಕಿಯಾಚೆ ಬೆಂಗಳೂರು ಮೋಡ ಹೊದ್ದುಕೊಂಡು ಕಣ್ಣುಜ್ಜುತ್ತಿದೆ. ಆ ಉದ್ದನೆಯ ಕಾರಿಡಾರಿನಲ್ಲಿ ಅಜ್ಜಿ ಮೊಮ್ಮಗಳು ನನ್ನತ್ತ ನಡೆದು ಬರುತ್ತಿದ್ದಾರೆ. ಅಜ್ಜಿಯದು ಮಾಸಿದ ಇಳಕಲ್ ಸೀರೆ, ಹಣೆಯ ಮೇಲೆ ವಿಭೂತಿ. ಮೊಮ್ಮಗಳಿಗೆ ಐದು ವರ್ಷ, ನೋಡಿದವರು ಮೂರು ಎನ್ನಬೇಕು. ಎಂಟು ಹೆಜ್ಜೆ, ಒಂಬತ್ತು, ಹತ್ತು. ಹುಡುಗಿ ನಿಲ್ಲುತ್ತಾಳೆ. ಏನೂ ಹೇಳದೆ ಕುಕ್ಕರುಗಾಲಿನಲ್ಲಿ ಕೂತು ಮೊಣಕಾಲುಗಳನ್ನು ಎದೆಗೆ ಅವುಚಿಕೊಳ್ಳುತ್ತಾಳೆ. ಅಜ್ಜಿಯೂ ನಿಲ್ಲುತ್ತಾಳೆ. ಯಾಕೆಂದು ಕೇಳುವುದಿಲ್ಲ, ಎತ್ತಿಕೊಳ್ಳಲು ಬಗ್ಗುವುದಿಲ್ಲ. ಪೇಟೆಯಿಂದ ಬರುವಾಗ ಯಾರೋ ಪರಿಚಯದವರು ಸಿಕ್ಕರೆ ನಿಲ್ಲುವಂತೆ, ಅಷ್ಟು ಸಹಜವಾಗಿ ಗೋಡೆಗೊರಗಿ ನಿಲ್ಲುತ್ತಾಳೆ. ಹುಡುಗಿಯ ಉಸಿರು ಹದಕ್ಕೆ ಬರುತ್ತದೆ. ಎದ್ದು ಅಜ್ಜಿಯ ಕಿರುಬೆರಳು ಹಿಡಿಯುತ್ತಾಳೆ. ಮತ್ತೆ ಹತ್ತು ಹೆಜ್ಜೆ.

ಮನೆಯವರೆಲ್ಲ ಇವಳನ್ನು ಕರೆಯುವುದು ‘ಸಣ್ಣಾಕಿ’ ಎಂದು. ಕೊಪ್ಪಳದಾಚೆಯ ಒಂದು ಹಳ್ಳಿಯ ಈ ಮನೆಯಲ್ಲಿ ಐದು ವರ್ಷಗಳಿಂದ ಎಲ್ಲರ ನಡಿಗೆಯೂ ಸಣ್ಣಾಕಿಯ ನಡಿಗೆಯೇ. ಓಣಿಯ ತುದಿಯ ಅಂಗಡಿಗೆ ಹೋಗಿ ಬರಲು ಬೇರೆ ಮನೆಯವರಿಗೆ ಐದು ನಿಮಿಷ ಸಾಕು, ಇವರಿಗೆ ಅರ್ಧ ತಾಸು. ಒಂಬತ್ತು ವರ್ಷದ ಅಣ್ಣನಂತೂ ಇನ್ನೊಂದು ಉಪಾಯ ಕಂಡುಕೊಂಡಿದ್ದಾನೆ. ತಂಗಿ ಕೂತಲ್ಲಿ ತಾನೂ ಕುಕ್ಕರುಗಾಲಿನಲ್ಲಿ ಕೂತು ಹರಳು ಆರಿಸತೊಡಗುತ್ತಾನೆ. ನೋಡಿದವರಿಗೆ ಎರಡು ಮಕ್ಕಳು ಆಡುತ್ತಿರುವಂತೆ ಕಾಣಬೇಕು, ಒಂದು ಮಗು ದಣಿದಂತೆ ಅಲ್ಲ. ಇದನ್ನು ಅವನಿಗೆ ಯಾರೂ ಹೇಳಿಕೊಟ್ಟಿಲ್ಲ.

ಹಾಗೆ ಕೂರುವುದನ್ನು ಸಣ್ಣಾಕಿಗೂ ಯಾರೂ ಹೇಳಿಕೊಟ್ಟಿಲ್ಲ. ಅವಳ ಹೃದಯದ ಕೆಳಗಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ತೂತಿದೆ. ಶ್ವಾಸಕೋಶಕ್ಕೆ ರಕ್ತ ಹೋಗುವ ದಾರಿ ಇಕ್ಕಟ್ಟಾಗಿದೆ. ಹಾಗಾಗಿ ಶುದ್ಧವಾಗಲು ಹೋಗಬೇಕಾದ ರಕ್ತ ಅಡ್ಡದಾರಿ ಹಿಡಿದು ಅಶುದ್ಧವಾಗಿಯೇ ಮೈಗೆ ಹರಿಯುತ್ತದೆ. ಕುಕ್ಕರುಗಾಲಿನಲ್ಲಿ ಕೂತಾಗ ಕಾಲಿನ ರಕ್ತನಾಳಗಳು ಮಡಚಿ ಒತ್ತಿಕೊಳ್ಳುತ್ತವೆ, ಮೈಯ ಕಡೆಗೆ ರಕ್ತ ಸಲೀಸಾಗಿ ಹೋಗಲಾರದು, ಆಗ ಇನ್ನಷ್ಟು ರಕ್ತ ಶ್ವಾಸಕೋಶದ ಇಕ್ಕಟ್ಟಿನತ್ತಲೇ ತಿರುಗುತ್ತದೆ. ಐದು ವರ್ಷದ ಮೈ ತನಗೆ ತಾನೇ ಕಂಡುಕೊಂಡ ಔಷಧ ಇದು. ಫ್ರಾನ್ಸಿನ ವೈದ್ಯ ಫ್ಯಾಲೋ 1888ರಲ್ಲಿ ವಿವರವಾಗಿ ಬರೆದಿಟ್ಟ ಈ ಕಾಯಿಲೆಗೆ ಅವನ ಹೆಸರೇ ನಿಂತಿದೆ. ತೂತು, ಇಕ್ಕಟ್ಟು, ಜಾಗ ತಪ್ಪಿ ಕೂತ ಮಹಾಧಮನಿ, ದಪ್ಪಗಾದ ಬಲಗೋಡೆ, ಹೀಗೆ ನಾಲ್ಕು ದೋಷ ಒಟ್ಟಿಗೆ ಸೇರಿದ್ದರಿಂದ ‘ಟೆಟ್ರಾಲಜಿ’. ಅಜ್ಜಿಯ ಬಾಯಲ್ಲಿ ಅದು ‘ಎದಿಯಾಗಿನ ತೂತು’.

ಹುಡುಗಿಯ ತುಟಿ ನೇರಳೆ ಹಣ್ಣು ತಿಂದಂತಿತ್ತು, ಉಗುರೂ ಹಾಗೆಯೇ. ಬೆರಳತುದಿಗಳು ಗುಂಡಗೆ ಉಬ್ಬಿದ್ದವು. ‘ನೆಳ್ಳು ಬಿದ್ದೈತಿ’ ಎಂದು ತಾಯತ ಕಟ್ಟಿದರು. ದೊಡ್ಡವಳಾದರೆ ಸರಿಹೋದೀತು ಎಂದರು. ‘ಹೆಣ್ಣು ಕೂಸು, ಎಷ್ಟಂತ ಅಡ್ಡಾಡ್ತೀರಿ’ ಎಂದವರೂ ಇದ್ದರು, ಅದೂ ಒಳಗಿನವರೇ. ಆ ಮಾತನ್ನು ಸಣ್ಣಾಕಿಯ ಅವ್ವ ಇವತ್ತಿಗೂ ಮರೆತಿಲ್ಲ, ಮರೆಯಲೂ ಬಾರದು. ರಾತ್ರಿ ಅಳುತ್ತ ಅಳುತ್ತ ಹುಡುಗಿ ಕಪ್ಪಿಟ್ಟು ಕಣ್ಣು ಮೇಲೆ ಮಾಡಿದಾಗ, ಮೊಣಕಾಲುಗಳನ್ನು ಎದೆಗೆ ಒತ್ತಿ ಹಿಡಿದು ಉಸಿರು ತಿರುಗುವವರೆಗೆ ಕತ್ತಲಲ್ಲಿ ಕೂತವಳು ಅವಳೇ. ಕೊನೆಗೆ ಅಂಗನವಾಡಿಗೆ ತಪಾಸಣೆಗೆ ಬಂದ ಡಾಕ್ಟರು ಸ್ಟೆತಾಸ್ಕೋಪು ಇಟ್ಟವರು ಬಹಳ ಹೊತ್ತು ತೆಗೆಯಲಿಲ್ಲವಂತೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಜೀಪು ಇಂಥ ಹಳ್ಳಿಗಳಿಗೆ ಬರುವುದು ಇದಕ್ಕಾಗಿಯೇ. ಆ ಮಧ್ಯಾಹ್ನದ ಒಂದು ಚೀಟಿಯೇ ಇವರನ್ನು ಇಲ್ಲಿಗೆ ತಂದಿದೆ.

ಕಾರಹುಣ್ಣಿಮೆ ಮುಗಿದ ವಾರ ಹಂಪಿ ಎಕ್ಸ್‌ಪ್ರೆಸ್ ಹತ್ತಿದರು. ಎತ್ತಿನ ಕೊಂಬಿಗೆ ಬಳಿದ ಬಣ್ಣ ಅಪ್ಪನ ಉಗುರಿನ ಸಂದಿಯಲ್ಲಿ ಇನ್ನೂ ಉಳಿದಿತ್ತು. ಚೀಲದಲ್ಲಿ ಹದಿನೈದು ದಿನಕ್ಕೆ ಆಗುವಷ್ಟು ಕಟಕ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಪ್ಲಾಸ್ಟಿಕ್ ಕವರಿನಲ್ಲಿ ಮೂರು ಸುತ್ತು ಸುತ್ತಿದ ರೇಷನ್ ಕಾರ್ಡು, ಎಕೋ ರಿಪೋರ್ಟು. ಮುನಿರಾಬಾದು ದಾಟಿ ರೈಲು ತುಂಗಭದ್ರೆಯ ಸೇತುವೆಗೆ ಬರುವ ಮುಂಚೆ ಅಜ್ಜಿ ಕತ್ತಲಿಗೆ ಕೈಮುಗಿದಳು, ಹುಲಿಗೆಮ್ಮನ ಗುಡಿ ಇರುವ ದಿಕ್ಕಿಗೆ. ಅಣ್ಣನನ್ನು ಮಾತ್ರ ಸೋದರಮಾವನ ಮನೆಯಲ್ಲಿ ಬಿಟ್ಟಿದ್ದರು. ದಿನಾ ಸಂಜೆ ಅವನ ಫೋನು ಬರುತ್ತದೆ. ಹೇಗಿದ್ದಾಳೆ ಎಂದು ಅವನು ಕೇಳುವುದಿಲ್ಲ. ‘ಇವತ್ತ ಎಷ್ಟ ಸಲ ಕುಂತ್ಲು?’ ಎನ್ನುತ್ತಾನೆ.

ಆಪರೇಷನ್ನಿಗೆ ಮುಂಚಿನ ನಾಲ್ಕೈದು ದಿನ ಹೇಗೆ ಹೋದವೋ. ಹುಳುಕು ಹಲ್ಲು ಇದೆಯೇ ಎಂದು ಹಲ್ಲಿನ ಡಾಕ್ಟರು ನೋಡಿದರು. ಹಲ್ಲಿನ ಕೀವು ರಕ್ತ ಸೇರಿದರೆ ಹೃದಯಕ್ಕೇ ಅಪಾಯ. ಊರಿನಿಂದ ಚಿಕ್ಕಪ್ಪನೂ ಅವನ ಗೆಳೆಯನೂ ಬಂದು ರಕ್ತ ಕೊಟ್ಟು, ರಾತ್ರಿ ರೈಲಿಗೆ ಮರಳಿದರು. ಹಿಂದಿನ ಸಂಜೆ ಅವ್ವ ಮಗಳಿಗೆ ತಲೆಗೆ ಎರೆದು, ಎರಡು ಬಿಗಿ ಜಡೆ ಹಾಕಿದಳು. ಮಧ್ಯರಾತ್ರಿಯ ಮೇಲೆ ಸಣ್ಣಾಕಿ ಏನೂ ತಿನ್ನುವಂತಿಲ್ಲ ಎಂದು ನರ್ಸ್ ಹೇಳಿ ಹೋದದ್ದಷ್ಟೇ. ಆದರೆ ಮುಚ್ಚಳ ತೆಗೆದರೆ ಅಗಸಿ ಹಿಂಡಿಯ ವಾಸನೆ ಹುಡುಗಿಯ ಮೂಗಿಗೆ ಬಡಿಯುತ್ತದೆಂದು ರೊಟ್ಟಿಯ ಡಬ್ಬಿಯನ್ನು ಅಪ್ಪ ಧರ್ಮಶಾಲೆಗೆ ಒಯ್ದಿಟ್ಟು ಬಂದ. ಅವತ್ತು ಮೂವರು ದೊಡ್ಡವರೂ ಉಂಡದ್ದನ್ನು ನಾನು ಕಾಣಲಿಲ್ಲ.

ಬೆಳಿಗ್ಗೆ ಹಸಿರು ಗೌನು ಬಂತು. ಅವಳ ಗಾತ್ರಕ್ಕೆ ಅದು ಎರಡು ಪಟ್ಟು. ಗಾಜಿನ ಬಳೆ, ಕಾಲಗೆಜ್ಜೆ, ತಾಯತ ಒಂದೊಂದೇ ಬಿಚ್ಚಿದವು. ಉಡದಾರ ಕತ್ತರಿಸಬೇಕಾದಾಗ ಅಜ್ಜಿ ಮುಖ ತಿರುಗಿಸಿದಳು. ಎಲ್ಲವನ್ನೂ ಸೆರಗಿನ ತುದಿಗೆ ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ತಳ್ಳುಗಾಡಿ ಬೇಡವೆಂದ ಅಪ್ಪ ಮಗಳನ್ನು ಹೆಗಲಿಗೆ ಹಾಕಿಕೊಂಡೇ ಆಪರೇಷನ್ ಥಿಯೇಟರಿನ ಬಾಗಿಲವರೆಗೆ ನಡೆದ. ಬಾಗಿಲಲ್ಲಿ ಟೋಪಿ ಹಾಕಿದ ನರ್ಸ್ ಕೈ ಚಾಚಿದಳು. ‘ಅಪ್ಪಾ, ನೀ ಇಲ್ಲೇ ಕುಂದ್ರು’ ಎಂದಳು ಸಣ್ಣಾಕಿ. ಅಪ್ಪ ಅಲ್ಲೇ, ಗೋಡೆಗೆ ಬೆನ್ನು ಕೊಟ್ಟು, ಕುಕ್ಕರುಗಾಲಿನಲ್ಲಿ ಕೂತ. ಬಹಳ ಹೊತ್ತು ಏಳಲಿಲ್ಲ.

ಕಾಯುವ ಹಾಲಿನಲ್ಲಿ ಕುರ್ಚಿಗಳಿವೆ, ಟೀವಿಯೂ ಇದೆ, ಯಾರೂ ನೋಡುವುದಿಲ್ಲ. ಬಾಗಿಲು ತೆರೆದಾಗಲೆಲ್ಲ ಇಪ್ಪತ್ತು ತಲೆಗಳು ಒಟ್ಟಿಗೆ ಏಳುತ್ತವೆ, ಕರೆದ ಹೆಸರು ತಮ್ಮದಲ್ಲವೆಂದು ತಿಳಿದು ಹತ್ತೊಂಬತ್ತು ಇಳಿಯುತ್ತವೆ. ಅಲ್ಲಿ ಕೂತವರ ನಡುವೆ ಊರು ಜಾತಿಯ ವಿಚಾರಣೆಗಿಂತ ಮುಂಚೆ ಬರುವ ಪ್ರಶ್ನೆ ಒಂದೇ, ‘ನಿಮ್ಮದೂ ತೂತೇನ್ರಿ?’ ಹುಟ್ಟುವ ಸಾವಿರ ಮಕ್ಕಳಲ್ಲಿ ಎಂಟು ಒಂಬತ್ತು ಮಕ್ಕಳ ಹೃದಯದಲ್ಲಿ ಇಂಥ ಏನಾದರೊಂದು ಕೊರತೆ ಇರುತ್ತದೆ. ನಮ್ಮ ದೇಶದಲ್ಲಿ ವರ್ಷಕ್ಕೆ ಅದು ಎರಡು ಲಕ್ಷದಷ್ಟಾಗುತ್ತದೆ. ಬೇಗ ಗೊತ್ತಾದ ಕಡೆ ಫ್ಯಾಲೋ ಮಕ್ಕಳಿಗೆ ವರ್ಷ ತುಂಬುವುದರೊಳಗೇ ಶಸ್ತ್ರಚಿಕಿತ್ಸೆ ಆಗಿಹೋಗುತ್ತದೆ. ಈ ಹಾಲಿನಲ್ಲಿ ಮಾತ್ರ ಎಂಟು ವರ್ಷದವರೂ ಹತ್ತು ವರ್ಷದವರೂ ಇದ್ದಾರೆ. ಅಪ್ಪಂದಿರ ಪ್ರೀತಿ ತಡವಾದದ್ದಲ್ಲ, ಹೇಳುವವರು ತಡವಾಗಿ ಸಿಕ್ಕಿದ್ದು. ಆಪರೇಷನ್ನಿನ ಖರ್ಚನ್ನು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆ ಹೊರುತ್ತದೆ, ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ತಪ್ಪಿದ ಕೂಲಿಯನ್ನು, ಬಿತ್ತದೆ ಬಿಟ್ಟು ಬಂದ ಹೊಲವನ್ನು ಹೊರುವ ಕಾರ್ಡು ಯಾವುದೂ ಇಲ್ಲ.

ಒಳಗೆ ಈಗ ಸಣ್ಣಾಕಿಯ ಹೃದಯ ನಿಂತಿರುತ್ತದೆ. ಮೈಯನ್ನು ತಣ್ಣಗೆ ಮಾಡಿ, ಪೊಟ್ಯಾಸಿಯಂ ಬೆರೆತ ತಣ್ಣನೆಯ ದ್ರಾವಣ ಹಾಯಿಸಿ ಬೇಕೆಂದೇ ನಿಲ್ಲಿಸಿರುತ್ತಾರೆ. ಅವಳ ರಕ್ತ ಕೊಳವೆಗಳಲ್ಲಿ ಹೊರಬಂದು, ಯಂತ್ರದಲ್ಲಿ ಆಮ್ಲಜನಕ ಕುಡಿದು, ಮರಳಿ ಮೈ ಸೇರುತ್ತಿರುತ್ತದೆ. ಅಷ್ಟರೊಳಗೆ ತೂತಿಗೆ ತೇಪೆ ಹೊಲಿಯಬೇಕು, ಇಕ್ಕಟ್ಟಿನ ದಪ್ಪ ಸ್ನಾಯು ಕೊರೆದು ದಾರಿ ಅಗಲ ಮಾಡಬೇಕು. ಈ ಯಂತ್ರ ಇನ್ನೂ ನಂಬಿಕೆಗೆ ಬರದ ದಿನಗಳಲ್ಲಿ, 1954ರಲ್ಲಿ, ಅಮೆರಿಕದ ಮಿನೆಸೋಟದ ಶಸ್ತ್ರವೈದ್ಯ ವಾಲ್ಟನ್ ಲಿಲ್ಲೆಹೈ ಇನ್ನೊಬ್ಬ ಮನುಷ್ಯನನ್ನೇ ಯಂತ್ರವಾಗಿಸಿದ್ದ. ಪಕ್ಕದ ಮೇಜಿನ ಮೇಲೆ ಸಾಮಾನ್ಯವಾಗಿ ತಂದೆಯನ್ನೋ ತಾಯಿಯನ್ನೋ ಮಲಗಿಸಿ, ಮಗುವಿನ ರಕ್ತವನ್ನು ಅವರ ಮೈಯೊಳಗೆ ಹರಿಸಿ, ಅವರ ಹೃದಯ ಶ್ವಾಸಕೋಶಗಳಿಂದಲೇ ಮಗುವನ್ನು ಬದುಕಿಸಿಟ್ಟುಕೊಂಡು ಹೊಲಿಗೆ ಹಾಕುತ್ತಿದ್ದ. ಫ್ಯಾಲೋ ಹೃದಯದ ಮೊದಲ ಪೂರ್ಣ ರಿಪೇರಿ ಆದದ್ದು ಅದೇ ವರ್ಷ, ಅದೇ ರೀತಿಯಲ್ಲಿ. ಹೊತ್ತು ಕಳೆಯಲೆಂದು ಇದನ್ನು ಅಪ್ಪನಿಗೆ ಹೇಳಿದೆ. ಅವನು ತನ್ನ ತೋಳನ್ನೊಮ್ಮೆ ನೋಡಿಕೊಂಡು, ‘ಈಗೂ ಹಂಗ ಇದ್ದಿದ್ರ ಚಲೋ ಇತ್ತು ನೋಡ್ರಿ. ಹಿಂಗ ಹೊರಗ ಕುಂದ್ರೂದು ತಪ್ಪತಿತ್ತು’ ಎಂದ.

ಐದೂವರೆ ತಾಸಾದ ಮೇಲೆ ಕರೆ ಬಂತು. ಐಸಿಯುಗೆ ಒಬ್ಬರಿಗೆ ಮಾತ್ರ, ಅದೂ ಎರಡೇ ನಿಮಿಷ. ಅವ್ವ ಹೋದಳು. ಬಾಯಲ್ಲಿ ಉಸಿರಿನ ಕೊಳವೆ, ಎದೆಯ ಕೆಳಗಿಂದ ಬಾಟಲಿಗಿಳಿದ ರಕ್ತದ ನಳಿಕೆಗಳು, ಕತ್ತಿನಲ್ಲಿ ಸೂಜಿ, ಎದೆಯ ನಡುವೆ ಉದ್ದನೆಯ ಬಿಳಿ ಪಟ್ಟಿ, ಸುತ್ತ ಪೀಪ್ ಪೀಪ್ ಎನ್ನುವ ಪರದೆಗಳು. ಅದನ್ನೆಲ್ಲ ಅವ್ವ ನೋಡಲೇ ಇಲ್ಲವಂತೆ. ಚಾದರದ ಅಂಚಿನಿಂದ ಹೊರಗೆ ಬಂದಿದ್ದ ಕೈಯನ್ನು ನೋಡಿದಳು. ಹೊರಬಂದವಳೇ ಅತ್ತೆಯ ಎರಡೂ ಕೈ ಹಿಡಿದು, ‘ಉಗುರು ಕೆಂಪಗ ಅದಾವ್ರೀ ಅತ್ತಿ’ ಎಂದಳು. 74, 75ರಲ್ಲೇ ಹೊಯ್ದಾಡುತ್ತಿದ್ದ ಆಮ್ಲಜನಕದ ಅಂಕಿ 97ಕ್ಕೆ ಏರಿದೆಯೆಂದು ಡಾಕ್ಟರು ಆಮೇಲೆ ಬಂದು ಹೇಳಿದರು. ಅಜ್ಜಿಗೆ ಆ ಅಂಕಿ ಬೇಕಿರಲಿಲ್ಲ.

ಮುಂದಿನ ದಿನಗಳ ಕಷ್ಟ ಬೇರೆ ತರಹದ್ದು. ನೀರಿಗೆ ಅಳುವ ಮಗುವಿಗೆ ಅಳೆದು ಅಳೆದು ನಾಲ್ಕು ಚಮಚ. ಕೆಮ್ಮು ಬಂದಾಗ ಎದೆಗೆ ದಿಂಬು ಅವುಚಿ ಹಿಡಿಸಬೇಕು. ಕೊಳವೆಯಲ್ಲಿ ಉಸಿರೆಳೆದು ಮೂರು ಚೆಂಡು ಮೇಲೇಳಿಸುವ ಆಟಿಕೆಯಂಥದ್ದನ್ನು ಕೊಟ್ಟರೆ ಅವಳು ಒಂದನ್ನೂ ಏಳಿಸದೆ ಸಿಟ್ಟಿನಿಂದ ಎಸೆದಳು. ಅಜ್ಜಿ ತಾನು ಮಾಡಿ ತೋರಿಸಲು ಹೋದಳು. ಅಜ್ಜಿಗೂ ಒಂದೇ ಎದ್ದದ್ದು ನೋಡಿ, ಸಣ್ಣಾಕಿ ಹಟಕ್ಕೆ ಎರಡು ಏಳಿಸಿದಳು. ಎಲ್ಲಕ್ಕಿಂತ ಕಷ್ಟವಾದದ್ದು ಅಪ್ಪನಿಗೆ. ಸೀಳಿ ತಂತಿಯಿಂದ ಬಿಗಿದ ಎದೆಮೂಳೆ ಕೂಡಿಕೊಳ್ಳಲು ಆರು ವಾರ ಬೇಕು, ಅಲ್ಲಿಯವರೆಗೆ ಕಂಕುಳಿಗೆ ಕೈಹಾಕಿ ಎತ್ತುವಂತಿಲ್ಲ, ತಲೆಯ ಹಿಂದೊಂದು ಕೈ, ಕುಂಡೆಯ ಕೆಳಗೊಂದು ಕೈ ಕೊಟ್ಟು ಬಾಣಂತಿ ಕೂಸನ್ನು ಎತ್ತುವಂತೆ ಎತ್ತಬೇಕು. ಐದು ವರ್ಷ ಮಗಳನ್ನು ಹೆಗಲ ಮೇಲೇ ಹೊತ್ತು ತಿರುಗಿದ ಆಳು, ಈಗ ನರ್ಸ್ ಕೊಟ್ಟ ದಿಂಬನ್ನು ಎತ್ತಿ ಇಳಿಸಿ, ಎತ್ತಿ ಇಳಿಸಿ ಕಲಿಯುತ್ತಿದ್ದ. ವರ್ಷ ವರ್ಷ ಬಂದು ತೋರಿಸಬೇಕು, ಮುಂದೆಂದಾದರೂ ಕವಾಟ ಸೋರಿದರೆ ಇನ್ನೊಂದು ಆಪರೇಷನ್ ಬೇಕಾದೀತು ಎಂದೂ ಡಾಕ್ಟರು ಮುಚ್ಚಿಡದೆ ಹೇಳಿದರು. ಅಪ್ಪ ತಲೆಯಾಡಿಸಿ, ತಾರೀಖು ಬರೆದ ಚೀಟಿಯನ್ನು ಅದೇ ಪ್ಲಾಸ್ಟಿಕ್ ಕವರಿಗೆ ಸೇರಿಸಿದ.

ಹತ್ತನೆಯ ದಿನ ಸಂಜೆ. ಧರ್ಮಶಾಲೆಯ ಮುಂದೆ ಹೊಂಗೆ ಮರ, ಮಳೆ ನಿಂತು ಎಲೆಯಿಂದ ಇನ್ನೂ ಹನಿ ಉದುರುತ್ತಿದೆ. ರೊಟ್ಟಿಯ ಡಬ್ಬಿ ಮತ್ತೆ ತೆರೆದಿದೆ. ಅಜ್ಜಿ ಮೊಮ್ಮಗಳು ಕಟ್ಟೆಯ ಸುತ್ತ ನಡೆಯುತ್ತಿದ್ದಾರೆ. ಎಂಟು, ಒಂಬತ್ತು, ಹತ್ತು. ಅಜ್ಜಿಯ ಕಾಲು ತಾನಾಗಿಯೇ ನಿಂತಿತು. ಸಣ್ಣಾಕಿಯ ಕೈ ಜಗ್ಗಿತು, ಅವಳು ನಿಂತಿರಲಿಲ್ಲ. ಹದಿನೈದು, ಇಪ್ಪತ್ತು, ಮೂವತ್ತು. ನಾನು ಎಣಿಸುವುದನ್ನು ಬಿಟ್ಟೆ. ಆಗಲೇ ಸಣ್ಣಾಕಿ ಥಟ್ಟನೆ ಕುಕ್ಕರುಗಾಲಿನಲ್ಲಿ ಕೂತುಬಿಟ್ಟಳು. ಅಜ್ಜಿಯ ಮುಖ ಬಿಳಚಿತು. ಬಗ್ಗಿ ಉಗುರು ನೋಡಿದಳು, ತುಟಿ ನೋಡಿದಳು. ಹುಡುಗಿ ಅಜ್ಜಿಯ ಕೈ ಸರಿಸಿ ನೆಲ ತೋರಿಸಿದಳು. ಯಾರೋ ಚೆಲ್ಲಿದ ಮಂಡಕ್ಕಿಯ ಒಂದು ಕಾಳನ್ನು ಏಳೆಂಟು ಇರುವೆಗಳು ಎಳೆದುಕೊಂಡು ಹೋಗುತ್ತಿದ್ದವು.

ಸೊಂಟದಲ್ಲಿದ್ದ ಫೋನು ಗುನುಗಿತು. ಅಣ್ಣ. ಅದೇ ಪ್ರಶ್ನೆ.

‘ಒಂದ ಸಲ ಕುಂತ್ಲಪಾ,’ ಎಂದಳು ಅಜ್ಜಿ. ‘ಇರುವಿ ನೋಡಾಕ.’